ವಿಸಿಒಗೆ ನಾವು ಕೊಟ್ಟ ವೋಲ್ಟೇಜ್ ಪೂರ್ತಿ ಸಿಗ್ತಾ ಇದೆಯಾ?

ವಿಸಿಒ ಅಂದ್ರೆ ವೋಲ್ಟೇಜ್ ಕಂಟ್ರೋಲ್ಡ್ ಆಸಿಲೇಟರ್. ಇನ್‌ಪುಟ್ ವೋಲ್ಟೇಜ್ ಬದಲಾದ ಹಾಗೆ ಔಟ್‌ಪುಟ್ ಫ್ರೀಕ್ವೆನ್ಸಿ ಬದಲಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಇನ್‌ಪುಟ್ ಎಷ್ಟು ಕರೆಂಟ್ ಎಳೆಯುತ್ತೆ ಅಂತ ಯಾರೂ ಕೇಳಲ್ಲ, ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೈಕೊಡೋದು ಎಷ್ಟೋ ಸಲ ಅಲ್ಲೇ.

555 ತಗೊಳ್ಳೋಣ. ಅಸ್ಟೇಬಲ್ ಆಗಿ ಕಟ್ಟಿ 5ನೇ ಪಿನ್‌ಗೆ ವೋಲ್ಟೇಜ್ ಕೊಟ್ಟರೆ ಅದೂ ಒಂದು ವಿಸಿಒನೇ. ಆದರೆ ಆ ಪಿನ್ ಹಿಂದೆ ಮೂರು 5 ಕೆ ರೆಸಿಸ್ಟರ್‌ಗಳು ಸಾಲಾಗಿ ಕೂತಿವೆ. ಸಪ್ಲೈ 5 ವೋಲ್ಟ್ ಆದರೆ ಪಿನ್ ತಾನಾಗೇ 3.33 ವೋಲ್ಟ್‌ನಲ್ಲಿರುತ್ತೆ. ಹೊರಗಿನಿಂದ ನೋಡಿದರೆ 5 ಕೆ, 10 ಕೆ ಪ್ಯಾರಲಲ್, ಅಂದರೆ 3.33 ಕೆ. ಈಗ 10 ಕೆ ರೆಸಿಸ್ಟರ್ ಮೂಲಕ 2 ವೋಲ್ಟ್ ಕೊಡಿ. ಪಿನ್‌ನಲ್ಲಿ ಬರೋದು 3 ವೋಲ್ಟ್! (ಥೆವೆನಿನ್ ಯಾವುದಕ್ಕೂ ಬರಲ್ಲ ಅನ್ನೋರು ಒಮ್ಮೆ ಲೆಕ್ಕ ಹಾಕಿ ನೋಡಿ.) ನಡುವೆ ಒಂದು ಆಪ್-ಆಂಪ್ ಫಾಲೋವರ್ ಹಾಕಿದರೆ ಸರಿಹೋಗುತ್ತೆ.

ಸಾಮಾನ್ಯ ರೆಸಿಸ್ಟರ್ ಇನ್‌ಪುಟ್ ಆದರೆ, ಅದು ಸೋರ್ಸ್ ರೆಸಿಸ್ಟೆನ್ಸ್‌ನ 100 ಪಟ್ಟು ಇದ್ದಾಗ ವೋಲ್ಟೇಜ್ ಸುಮಾರು ಶೇ. 1ರಷ್ಟು ಮಾತ್ರ ಬೀಳುತ್ತದೆ. ಹಾಗಿದ್ದರೆ ಸಿಡಿ4046ರಲ್ಲಿ ವಿಸಿಒ ಇನ್‌ಪುಟ್, ಅಂದರೆ 9ನೇ ಪಿನ್, ಡೇಟಾಶೀಟ್ ಪ್ರಕಾರ ಸುಮಾರು ಹತ್ತು ಲಕ್ಷ ಮೆಗಾಓಮ್ ಯಾಕೆ? ಅಷ್ಟೊಂದು ಬೇಕಾ?

ಬೇಕು, ಯಾಕಂದ್ರೆ ಪಿಎಲ್‌ಎಲ್‌ನಲ್ಲಿ ಅದಕ್ಕೆ ವೋಲ್ಟೇಜ್ ಕೊಡೋದು ಲೂಪ್ ಫಿಲ್ಟರ್‌ನ ಒಂದು ಪುಟ್ಟ ಕೆಪಾಸಿಟರ್. ಎರಡನೇ ಫೇಸ್ ಕಂಪ್ಯಾರೇಟರ್ ಬಳಸಿದರೆ, ಲಾಕ್ ಆದ ಮೇಲೆ ಅದರ ಔಟ್‌ಪುಟ್ ಕೈಬಿಟ್ಟು ಹೈ ಇಂಪೀಡೆನ್ಸ್‌ಗೆ ಹೋಗುತ್ತೆ. ಆಮೇಲೆ ಚಾರ್ಜ್ ಹಿಡಿದಿಟ್ಟುಕೊಳ್ಳೋದು ಕೆಪಾಸಿಟರ್ ಒಂದೇ. ಅದು ಸೋರಿದಷ್ಟೂ ಫ್ರೀಕ್ವೆನ್ಸಿ ಜಾರುತ್ತೆ.

ಅಲ್ಲಿಗೆ ಸ್ಕೋಪ್ ಪ್ರೋಬ್ ಅನ್ನು 1ಎಕ್ಸ್‌ನಲ್ಲಿ ಇಟ್ಟರೆ 1 ಮೆಗಾಓಮ್ ಲೋಡ್ ಕೊಟ್ಟ ಹಾಗೆ. ಕೆಪಾಸಿಟರ್ 10 ನ್ಯಾನೋಫ್ಯಾರಡ್ ಆದರೆ ಟೈಮ್ ಕಾನ್‌ಸ್ಟಂಟ್ 10 ಮಿಲಿಸೆಕೆಂಡ್. ರೆಫರೆನ್ಸ್ 1 ಕಿಲೋಹರ್ಟ್ಜ್ ಇದ್ದರೆ ಒಂದು ಸೈಕಲ್‌ನೊಳಗೇ ವೋಲ್ಟೇಜ್ ಸುಮಾರು ಶೇ. 10 ಇಳಿಯುತ್ತೆ, ಕಂಪ್ಯಾರೇಟರ್ ಪ್ರತಿ ಸೈಕಲ್‌ನಲ್ಲೂ ಅದನ್ನು ಮತ್ತೆ ತುಂಬಬೇಕು. ಔಟ್‌ಪುಟ್ ನಡುಗುತ್ತೆ, ಪಾಪ ಬೈಸಿಕೊಳ್ಳೋದು ಐಸಿ.

ಇದಕ್ಕೆಂದೇ 10ನೇ ಪಿನ್ ಇದೆ. ಒಳಗಿನ ಸೋರ್ಸ್ ಫಾಲೋವರ್ 9ನೇ ಪಿನ್‌ನ ವೋಲ್ಟೇಜನ್ನು ಕೊಂಚ ಇಳಿಸಿ ಅಲ್ಲಿ ಕೊಡುತ್ತೆ. 10 ಕೆ ಅಥವಾ ಹೆಚ್ಚಿನ ರೆಸಿಸ್ಟರ್ ಒಂದನ್ನು ಅಲ್ಲಿಂದ ಗ್ರೌಂಡ್‌ಗೆ ಹಾಕಿ, ಪ್ರೋಬ್ ಅಲ್ಲಿಡಿ. ಬಳಸಲ್ಲ ಅಂದ್ರೆ ಆ ಪಿನ್ ಹಾಗೇ ಬಿಟ್ಟುಬಿಡಿ.