ಮಗ್ಗ ಹೂಡಿ ಗಣಿ ನಿಲ್ಲಿಸಿದರು

ಇಂಡೊನೇಷ್ಯಾಕ್ಕೆ ಸೇರಿದ ಪಶ್ಚಿಮ ತಿಮೋರ್. ಇಲ್ಲಿನ ದೊಡ್ಡ ನದಿಗಳೆಲ್ಲ ಹುಟ್ಟೋದು ಮುಟಿಸ್ ಬೆಟ್ಟದಲ್ಲಿ. ಇಲ್ಲಿನ ಮೊಲ್ಲೊ ಜನರಿಗೆ ಕಲ್ಲೇ ಮೂಳೆ, ನೀರೇ ರಕ್ತ, ಮಣ್ಣೇ ಮಾಂಸ, ಕಾಡೇ ತಲೆಗೂದಲು.

1990ರ ದಶಕದಲ್ಲಿ ಅಮೃತಶಿಲೆ ಹುಡುಕಿಕೊಂಡು ಗಣಿ ಕಂಪನಿಗಳು ಬಂದವು. ಊರವರನ್ನು ಒಂದು ಮಾತೂ ಕೇಳಲಿಲ್ಲ. ಕಾಡು ಕಡಿದರು, ಗುಡ್ಡ ಜರಿಯಿತು, ಹೊಳೆ ಕೆಟ್ಟಿತು.

ಆಗ ಎದ್ದು ನಿಂತವರು ಮೊಲ್ಲೊ ಹೆಣ್ಣುಮಗಳು ಅಲೆಟಾ ಬೌನ್. ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋಗಿ ಜನರನ್ನು ಸೇರಿಸಿದರು. ಅಲೆಟಾರನ್ನು ಕೊಲ್ಲೋ ಯತ್ನವೂ ನಡೆಯಿತು, ಕಾಲಿಗೆ ಮಚ್ಚಿನೇಟು ಬಿತ್ತು. ಎಳೆಕೂಸನ್ನು ಎತ್ತಿಕೊಂಡು ತಿಂಗಳುಗಟ್ಟಲೆ ಕಾಡಲ್ಲಿ ಅಡಗಿದ್ದರು. ಆದರೂ ಬಿಡಲಿಲ್ಲ.

ಮುಂದಿನದ್ದನ್ನು ಗಮನವಿಟ್ಟು ಕೇಳಿ. ಸುಮಾರು 150 ಹೆಂಗಸರು ಗಣಿಯ ಜಾಗಕ್ಕೇ ಹೋಗಿ, ಅಮೃತಶಿಲೆ ಬಂಡೆಗಳ ಮೇಲೆ ಕೂತು ಬಟ್ಟೆ ನೇಯೋಕೆ ಶುರುಮಾಡಿದರು. ಸೊಂಟಕ್ಕೆ ಪಟ್ಟಿ ಕಟ್ಟಿ, ಮೈಯನ್ನೇ ಹಿಂದಕ್ಕೆ ಜಗ್ಗಿ ನೂಲು ಬಿಗಿ ಮಾಡೋ ಮಗ್ಗ ಅದು. ಆ ನೂಲಿನ ಬಣ್ಣವೂ ಅದೇ ಕಾಡಿನ ಗಿಡಗಳದ್ದು! ಗಂಡಸರು ಮನೆಯಲ್ಲಿ ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಂಡು, ಬುತ್ತಿ ತಂದುಕೊಟ್ಟರು. ಹೀಗೆ ಒಂದು ವರ್ಷ. ನನ್ನ ಮಟ್ಟಿಗೆ, ಆ ಗಂಡಸರು ಮಾಡಿದ್ದೂ ಸಣ್ಣ ಹೋರಾಟವಲ್ಲ.

2010ರ ಹೊತ್ತಿಗೆ ಮೊಲ್ಲೊ ನೆಲದಲ್ಲಿದ್ದ ನಾಲ್ಕೂ ಗಣಿಗಳಲ್ಲಿ ಕೆಲಸ ನಿಂತಿತು. 2013ರಲ್ಲಿ ಅಲೆಟಾಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅಷ್ಟರಲ್ಲಾಗಲೇ ಅವರು ಊರವರ ಜೊತೆ ಸೇರಿ, ತಮ್ಮ ಪಾರಂಪರಿಕ ಕಾಡಿನ ನಕ್ಷೆ ಬರೆಯೋ ಕೆಲಸಕ್ಕೆ ಕೈಹಾಕಿದ್ದರು.