ಸಿಲ್ವರ್ ಓಕ್ ಅಲ್ಲ, ಇದು ನಿಜವಾದ ಓಕ್

ಓಕ್ ಅಂದ ಕೂಡಲೇ ನಮಗೆ ನೆನಪಾಗುವುದು ಕಾಫಿ ತೋಟದಲ್ಲಿ ಕಾಳುಮೆಣಸು ಹಬ್ಬಿಸುವ ಸಿಲ್ವರ್ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಮರ. ಹೆಸರಲ್ಲಷ್ಟೇ ಓಕ್, ಜಾತಿ ಬೇರೆ. ನಿಜವಾದ ಓಕ್ ನಮ್ಮ ಪಶ್ಚಿಮ ಘಟ್ಟದಲ್ಲಿ ಸಹಜವಾಗಿ ಬೆಳೆಯುವುದಿಲ್ಲ. ಹಿಮಾಲಯದ ಕಡೆ ಹೋದರೆ ಕಾಣಸಿಗುತ್ತದೆ.

ಉತ್ತರಾಖಂಡದ ಕುಮಾವೂಂ, ಗಢವಾಲ್ ಬೆಟ್ಟಗಳ ಸಣ್ಣ ರೈತರಿಗೆ ‘ಬಾಂಜ್’ ಎಂಬ ಓಕ್ ಕಾಡೇ ಸೊಪ್ಪಿನ ಬೆಟ್ಟ. ಮರ 70-80 ಅಡಿಯವರೆಗೂ ಏರುತ್ತದೆ. ಹಳೆ ಎಲೆ ಉದುರುವುದೂ ಹೊಸತು ಚಿಗುರುವುದೂ ಬೇಸಗೆ ಆರಂಭದಲ್ಲಿ ಒಟ್ಟೊಟ್ಟಿಗೇ, ಹಾಗಾಗಿ ಬೋಳಾಗುವುದೆಂದಿಲ್ಲ. ಚಳಿಗೆ ಹುಲ್ಲು ಒಣಗಿದಾಗ ಇದರ ಸೊಪ್ಪೇ ದನಗಳಿಗೆ ಮೇವು. ತರಗೆಲೆ ಹಟ್ಟಿಗೆ ಹಾಸು, ಮತ್ತೆ ಗೊಬ್ಬರವಾಗಿ ಗದ್ದೆಗೆ. ಕೊಂಬೆ ಸೌದೆಗೆ, ಗಟ್ಟಿ ಮರ ನೇಗಿಲಿಗೆ.

ಗುರುತು ಹೇಗೆ?

ಮೊದಲು ಕಾಯಿ ನೋಡಿ. ಸಣ್ಣ ಬಟ್ಟಲಲ್ಲಿ ಕೂರಿಸಿದಂತಹ ಕಾಯಿ ಇದ್ದರೆ ಅದು ಓಕ್. ಯಾವ ಓಕ್ ಎಂದು ತಿಳಿಯಲು ಎಲೆ ಮಗುಚಿ ನೋಡಿ. ಅಂಚಿಗೆ ಗರಗಸದ ಹಲ್ಲು, ಅಡಿಭಾಗ ಬೂದಿ-ಬಿಳಿ ಮಖಮಲ್ಲಿನಂತಿದ್ದರೆ ಬಾಂಜ್. ಎರಡೂ ಮೈ ಹಸಿರಾಗಿ ನುಣುಪಾಗಿದ್ದರೆ ಅದು ‘ಮೋರು’. ಅಡಿ ಕಂದುಬಣ್ಣ, ಎಳೆ ಗಿಡದ ಎಲೆಯಲ್ಲಿ ಮುಳ್ಳು ಇದ್ದರೆ ‘ಖರ್ಸು’; ಇದು ಸುಮಾರು 8,000 ಅಡಿಗಿಂತ ಮೇಲಿನದು. ಬಾಂಜ್ 4,000ದಿಂದ 7,500 ಅಡಿಯೊಳಗೆ ಹೆಚ್ಚು.

ಸಸಿ ಮಾಡುವುದು

ಬಾಂಜ್ ಕಾಯಿ ಚಳಿಗಾಲದಲ್ಲಿ ಉದುರುತ್ತದೆ. ಹಲಸಿನ ಬೀಜದ ಹಾಗೆ ಇದೂ ಒಣಗಿದರೆ ಸತ್ತಂತೆ. ಹೆಕ್ಕಿದ್ದನ್ನು ನೀರಿಗೆ ಹಾಕಿ. ತೇಲುವುದರಲ್ಲಿ ಹೆಚ್ಚಿನವು ಹುಳ ಕೊರೆದದ್ದು, ಎಸೆಯಿರಿ. ಮುಳುಗಿದ್ದನ್ನು ತಡಮಾಡದೆ, ಅಡ್ಡ ಮಲಗಿಸಿ ಒಂದಿಂಚು ಆಳಕ್ಕೆ ಬಿತ್ತಿ. ತಾಯಿಬೇರು ಬೇಗ ಕೆಳಗಿಳಿಯುವ ಕಾರಣ ಉದ್ದನೆಯ ತೊಟ್ಟೆ ಬೇಕು. ಅರೆನೆರಳು, ತೇವ, ಮೇಲೆ ತರಗೆಲೆ ಮುಚ್ಚಿಗೆ ಇರಲಿ. ಮಳೆಗಾಲದಲ್ಲಿ ನೆಟ್ಟು, ದನ-ಆಡು ಬಾಯಿ ಹಾಕದಂತೆ ಕೆಲವು ವರ್ಷ ಬೇಲಿ ಬೇಕೇ ಬೇಕು. ಬೆಳವಣಿಗೆ ನಿಧಾನ. ನಮ್ಮ ಕರಾವಳಿಯ ಸೆಕೆಗೆ ಇದು ಹೇಳಿದ ಮರ ಅಲ್ಲ.

ಸೊಪ್ಪಿನ ಲೆಕ್ಕ

ಬಾಂಜ್ ಕಡಿದರೂ ಬುಡದಲ್ಲಿ ಚಿಗುರುತ್ತದೆ. ಆ ಧೈರ್ಯದಲ್ಲಿ ವರ್ಷವೂ ತುದಿವರೆಗೆ ಸೊಪ್ಪು ಕೊಯ್ದರೆ ಮರ ಕಾಯಿ ಬಿಡುವುದಿಲ್ಲ. ಕಾಯಿ ಇಲ್ಲದಲ್ಲಿ ಸಸಿ ಎಲ್ಲಿಂದ? ತೆರವಾದ ಜಾಗಕ್ಕೆ ಚೀಡ್ ಪೈನ್ ನುಗ್ಗುತ್ತದೆ. ಅದರ ಸೂಜಿಯೆಲೆ ದನಕ್ಕೆ ಆಗದು, ಬೇಸಗೆಯಲ್ಲಿ ಬೆಂಕಿಗೆ ಮಾತ್ರ ಒಳ್ಳೆಯ ಸಾಮಗ್ರಿ. ಮೇವಿಗಾಗಿ ಹೆಂಗಸರು ಇನ್ನೂ ದೂರ ನಡೆಯಬೇಕು.

ಉಪಾಯ ಸರಳ: ಬೀಜಕ್ಕೆಂದು ಅಲ್ಲಲ್ಲಿ ಕೆಲವು ಮರಗಳಿಗೆ ಕತ್ತಿ ತಾಗಿಸದೆ ಬಿಡುವುದು. ನಮ್ಮ ಸೊಪ್ಪಿನ ಬೆಟ್ಟದಲ್ಲಿ ಅಂತಹ ಮರ ಎಷ್ಟು ಉಳಿದಿವೆ? ಈ ಸಲ ಸೊಪ್ಪಿಗೆ ಹೋದಾಗ ಒಮ್ಮೆ ಎಣಿಸಿ ನೋಡೋಣ.