ಅಜ್ಜನ ಮೀಟರಿನಲ್ಲಿ ನಾಯಿಯ ಸಕ್ಕರೆ

‘ಅಜ್ಜನ ಮೀಟರಿನಲ್ಲೇ ನೋಡಿದ್ವಿ ಡಾಕ್ಟ್ರೇ, ನಾರ್ಮಲ್ ಇದೆ’ ಎಂದು ನಾಯಿಯನ್ನು ಕರೆತರುವವರು ನನ್ನ ಕ್ಲಿನಿಕ್ಕಿಗೆ ಆಗಾಗ ಬರುತ್ತಾರೆ. ಅವರ ಕಾಳಜಿ ದೊಡ್ಡದು. ಆದರೆ ಆ ಅಂಕಿ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಬೇಡಿ ಎಂದು ಪಶುವೈದ್ಯೆಯಾಗಿ ನಾನು ಬೇಡಿಕೊಳ್ಳುತ್ತೇನೆ.

ಮನುಷ್ಯರ ರಕ್ತದಲ್ಲಿರುವ ಗ್ಲೂಕೋಸಿನಲ್ಲಿ ಸುಮಾರು ಶೇ. 58 ಪ್ಲಾಸ್ಮಾದಲ್ಲಿ, ಉಳಿದದ್ದು ಕೆಂಪು ಕಣಗಳೊಳಗೆ. ನಾಯಿಯಲ್ಲಿ ಪ್ಲಾಸ್ಮಾದ ಪಾಲೇ ಶೇ. 87ರ ಆಸುಪಾಸು, ಬೆಕ್ಕಿನಲ್ಲಿ 93. ಮನುಷ್ಯರ ಲೆಕ್ಕಕ್ಕೆ ಹೊಂದಿಸಿದ ಮೀಟರ್ ಹೀಗಾಗಿ ನಾಯಿ, ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಆಲ್ಫಾಟ್ರ್ಯಾಕ್‌ನಂಥ ಪ್ರಾಣಿಗಳ ಮೀಟರ್‌ಗಳು ಈ ವ್ಯತ್ಯಾಸಕ್ಕೆಂದೇ ಬಂದವು. ಅವೂ ಮೋಸ ಹೋಗುವುದುಂಟು: ಉಣ್ಣಿ ಜ್ವರದಿಂದ ರಕ್ತ ಬತ್ತಿದ ನಾಯಿಯಲ್ಲಿ ಅಂಕಿ ಇರುವುದಕ್ಕಿಂತ ಮೇಲೇರುತ್ತದೆ, ನೀರಿಲ್ಲದೆ ರಕ್ತ ಗಟ್ಟಿಯಾದಾಗ ಕೆಳಗಿಳಿಯುತ್ತದೆ.

ಹಾಗಾದರೆ ಲ್ಯಾಬ್? ನನ್ನ ಮಟ್ಟಿಗೆ ಅದೇ ಅಳತೆಗೋಲು, ರಕ್ತವನ್ನು ಸರಿಯಾಗಿ ತಲುಪಿಸಿದರೆ. ಸೀರಮ್ ಬೇರ್ಪಡಿಸದೆ ಸೀಸೆಯಲ್ಲಿಟ್ಟರೆ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು ಕರಗಿಹೋಗುತ್ತದೆ. ಅದಕ್ಕೇ ಫ್ಲೋರೈಡ್ ಇರುವ ಬೂದು ಮುಚ್ಚಳದ ಸೀಸೆ.

ಬೆಕ್ಕಿನ ಕತೆ ಇನ್ನೂ ಬೇರೆ. ಬುಟ್ಟಿಯೊಳಗೆ ಹೆದರಿ ಬಂದ ಆರೋಗ್ಯವಂತ ಬೆಕ್ಕಿನಲ್ಲೂ ಸಕ್ಕರೆ 300 ಮಿಲಿಗ್ರಾಂ ದಾಟಬಹುದು. ಅದಕ್ಕೆ ಡಯಾಬಿಟಿಸ್ ಎಂದು ಹೆಸರಿಡುವ ಮೊದಲು ಫ್ರಕ್ಟೋಸಮೀನ್ ಪರೀಕ್ಷೆ ಮಾಡಿಸುತ್ತೇನೆ. ಅದು ಹಿಂದಿನ ಎರಡು ವಾರಗಳ ಸರಾಸರಿಯನ್ನು ಹೇಳುತ್ತದೆ, ಆ ಕ್ಷಣದ ಭಯವನ್ನಲ್ಲ.

ಮೂತ್ರದ ಪಟ್ಟಿ ಅಗ್ಗ. ಆದರೆ ನಾಯಿಯ ರಕ್ತದಲ್ಲಿ ಸಕ್ಕರೆ 180–220 ಮೀರಿದ ಮೇಲಷ್ಟೇ ಅದು ಮೂತ್ರಕ್ಕಿಳಿಯುತ್ತದೆ. ಸಕ್ಕರೆ ಕುಸಿದದ್ದನ್ನು ಪಟ್ಟಿ ಹೇಳಲಾರದು. ಬೇಗ ಪ್ರಾಣ ತೆಗೆಯುವುದು ಆ ಕುಸಿತವೇ.

ನನಗೆ ಹೆಚ್ಚು ಭರವಸೆ ಕೊಟ್ಟಿರುವುದು ಚರ್ಮಕ್ಕೆ ಅಂಟಿಸುವ ಸೆನ್ಸರ್. ಮನುಷ್ಯರಿಗಾಗಿ ಮಾಡಿದ ಫ್ರೀಸ್ಟೈಲ್ ಲಿಬ್ರೆಯನ್ನು ಕೂದಲು ಬೋಳಿಸಿ ಅಂಟಿಸಿದರೆ, ಹೆಚ್ಚೆಂದರೆ 14 ದಿನ ಅಳೆಯುತ್ತದೆ. ನಾಯಿ ಕೆರೆದು ಮೊದಲೇ ಕಿತ್ತುಹಾಕುವುದೂ ಉಂಟು. ಅದು ಅಳೆಯುವುದು ಚರ್ಮದಡಿಯ ದ್ರವವನ್ನು, ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ. ಆದರೂ ಎಲ್ಲರೂ ಮಲಗಿರುವಾಗ ಸಕ್ಕರೆ ಕುಸಿದದ್ದು ಅದರಲ್ಲಿ ಕಾಣುತ್ತದೆ. ಒಂದೊಂದೇ ಹನಿ ಚುಚ್ಚಿ ನೋಡುವ ನಮಗೆ ಅದು ಸಿಗುವುದೇ ಇಲ್ಲ.

ಮನೆಯಲ್ಲಿ ಅಳೆಯುವುದಾದರೆ ಒಂದೇ ಮೀಟರ್ ಇರಲಿ. ಕಿವಿಯಂಚಿನ ಹನಿ ಸಾಕು. ಊಟ, ಇನ್ಸುಲಿನ್ ಕೊಟ್ಟ ಹೊತ್ತನ್ನೂ ಪಕ್ಕದಲ್ಲಿ ಬರೆಯಿರಿ. ಇನ್ಸುಲಿನ್ ಪಡೆಯುವ ನಾಯಿ ತೂರಾಡಿದರೆ, ನಡುಗಿದರೆ ಮೀಟರ್ ಹುಡುಕುತ್ತ ನಿಲ್ಲಬೇಡಿ. ಒಸಡಿಗೆ ಜೇನು ಸವರಿ, ನೇರ ವೈದ್ಯರ ಬಳಿ ಹೊರಡಿ.